ಹನ್ನೆರಡು ಮೀನು, ಒಂದು ಬುತ್ತಿಚೀಲ

ಜನವರಿ ೬

ಮಗಳೇ,

ಇಲ್ಲಿ ನಾವು ಹದಿಮೂರೂ ಜನ ಕ್ಷೇಮ. ಹನ್ನೆರಡು ಮಂದಿ ಗಾಜಿನ ತೊಟ್ಟಿಯ ಒಳಗೆ, ನಾನೊಬ್ಬ ಹೊರಗೆ, ಸ್ಟೂಲಿನ ಮೇಲೆ. ಯಾರು ಯಾರನ್ನು ಕಾಯುತ್ತಿದ್ದಾರೆ ಎಂಬ ವಿಷಯದಲ್ಲಿ ಮಾತ್ರ ಎರಡು ಪಕ್ಷಕ್ಕೂ ಭಿನ್ನಾಭಿಪ್ರಾಯವಿದೆ.

ಫೋನು ತೆಗೆಯುವುದಿಲ್ಲ ಎಂದು ಬೈದಿದ್ದೀಯ. ತೊಟ್ಟಿಗೆ ಬರುವ ಮುಂಚೆ ಇಪ್ಪತ್ತಾರು ವರ್ಷ ಪಂಪುಗಳ ಪಕ್ಕ ನಿಂತ ಕಿವಿ ಇದು. ನೀನು ಅಲ್ಲಿ ಕಿರುಚಬೇಕು, ನಾನು ಇಲ್ಲಿ ಕಿರುಚಬೇಕು, ನಡುವಿನ ಊರುಗಳಿಗೆಲ್ಲ ನಮ್ಮ ಮನೆಯ ಸುದ್ದಿ. ಕಾಗದವೇ ವಾಸಿ.

ನಿಮ್ಮಪ್ಪ ನೀರು ಸರಬರಾಜಿನಲ್ಲಿ ಏನು ಮಾಡುತ್ತಾರೆ ಎಂದು ನಿನ್ನ ಮ್ಯಾನೇಜರು ಕೇಳಿದರಂತಲ್ಲ, ಹೀಗೆ ಹೇಳು. ಹೊಳೆಯ ನೀರು ದೊಡ್ಡ ಕೊಳವೆಯಲ್ಲಿ ನಮ್ಮ ಕಟ್ಟಡಕ್ಕೆ ಬರುತ್ತದೆ. ಅದರಿಂದ ಹೆಬ್ಬೆರಳು ದಪ್ಪದ ಕೊಳವೆಯೊಂದು ಕವಲೊಡೆದು ನನ್ನ ತೊಟ್ಟಿಗೆ ಬೀಳುತ್ತದೆ. ಊರು ಕುಡಿಯುವ ಮುಂಚೆ ನನ್ನ ಮೀನು ಕುಡಿಯುತ್ತವೆ. ಎರಡು ಗಂಟೆಗೊಮ್ಮೆ ಬದುಕಿರುವ ಮೀನು ಎಣಿಸಿ ರಿಜಿಸ್ಟರಿನಲ್ಲಿ ಬರೆಯಬೇಕು, ಹಗಲು ನಾನು, ರಾತ್ರಿ ಪಾಳಿಯವನು. ಒಂದೇ ದಿನ ಮೂರು ಮಗುಚಿದರೆ ಗೋಡೆಯ ಮೇಲಿನ ಕೆಂಪು ಹಿಡಿ ಎಳೆಯಬೇಕು. ಗೇಟು ಮುಚ್ಚುತ್ತದೆ, ಊರಿಗೆ ನೀರು ನಿಲ್ಲುತ್ತದೆ.

ಒಮ್ಮೆ ಎಳೆದಿದ್ದೇನೆ, ನಿನಗೆ ಗೊತ್ತು. ಒಂದೂವರೆ ದಿನ ಊರು ಬಾಯಾರಿತು. ಕೊನೆಗೆ ನೋಡಿದರೆ ಹೊಳೆ ಚೆನ್ನಾಗಿಯೇ ಇತ್ತು. ರಿಪೇರಿಯವರು ನನ್ನ ಸಣ್ಣ ಕೊಳವೆಗೆ ತಾಮ್ರದ ತುಂಡೊಂದನ್ನು ಜೋಡಿಸಿ ಹೋಗಿದ್ದರು, ತಾಮ್ರ ಮೀನಿಗೆ ವಿಷ. ಎಂಜಿನಿಯರು ಎಲ್ಲರ ಎದುರು, "ಸತ್ತಿದ್ದು ಮೂರು ಮೀನು, ಒದ್ದಾಡಿದ್ದು ಇಡೀ ಊರು. ಸ್ವಲ್ಪ ತಲೆ ಓಡಿಸ್ಬಾರ್ದೇನ್ರೀ?" ಎಂದರು. ಇವತ್ತಿಗೂ ಬೀದಿ ನಲ್ಲಿಯ ಹತ್ತಿರ ಹೋದರೆ ಹೆಂಗಸರು ನನ್ನನ್ನು ನೋಡಿ ಖಾಲಿ ಕೊಡ ತಟ್ಟುತ್ತಾರೆ. ನನ್ನ ಕಿವಿಗೆ ಅದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ.

ಈ ಸಲದ ಮರಿಗಳನ್ನು ದೋಣಿಮಾವ ತನ್ನ ಬಲೆಯಿಂದಲೇ ಆರಿಸಿ ತಂದುಕೊಟ್ಟ. ದುಂಡ, ಪುಂಡ, ಮೊಂಡ ಎಂದು ಹೆಸರಿಡಲು ಶುರುಮಾಡಿದ್ದೇನೆ. ನಿನ್ನ ಬಣ್ಣದ ಕಾರ್ಖಾನೆಯ ವರದಿಯ ಒಂದು ಪ್ರತಿ ತಿಂಗಳು ತಿಂಗಳೂ ನಮ್ಮ ನೋಟೀಸು ಬೋರ್ಡಿಗೆ ಬರುತ್ತದೆ. "ಹೊಳೆಗೆ ಹಾನಿಯಿಲ್ಲ", ಅದರ ಕೆಳಗೆ ನಿನ್ನ ಸಹಿ. ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ನೋಡುತ್ತೇನೆ.

ಮೀನು ಈಜಿದರೆ ಊರಿಗೆ ನೀರು,
ಮೀನು ಮಗುಚಿದರೆ ನನಗೆ ದೂರು.

ನಿನ್ನ ಅಪ್ಪ, ತೊಟ್ಟಿ ಇಲಾಖೆಯ ಏಕೈಕ ಅಧಿಕಾರಿ


ಜನವರಿ ೨೧

ಅಪ್ಪ,

ನಿನ್ನ ಪ್ರಾಸ ಮುಟ್ಟಿತು. ನನ್ನದೂ ಒಂದು ತಗೋ: ಬಣ್ಣದ ಮನೆಯಲ್ಲಿ ಕೆಲಸ, ಬಿಳಿ ಕೋಟಿಗೆ ದಿನವೂ ಹೊಲಸು.

ನನ್ನ ಲ್ಯಾಬಿನ ಕಿಟಕಿಯಿಂದ ಕಾಲುವೆ ಕಾಣುತ್ತದೆ. ಮೊದಲು ಸೋಮವಾರ ನೀಲಿ, ಮಂಗಳವಾರ ಕೆಂಪು, ಕ್ಯಾಲೆಂಡರು ಬೇಕಿರಲಿಲ್ಲ. ಈಗ ನೀರು ಕನ್ನಡಿಯ ಹಾಗೆ ಹೋಗುತ್ತದೆ. ಬಣ್ಣ ಹಾಕಿದ ಬಟ್ಟೆ ತೊಳೆಯಲು ಹೊಸದೊಂದು ದ್ರವ ಬಂದಿದೆ, ನೀಲಿ ಪೀಪಾಯಿಗಳಲ್ಲಿ. ಬಣ್ಣವನ್ನೆಲ್ಲ ಹಿಡಿದು ಕೆಳಗೆ ಕೂರಿಸುತ್ತದೆ. ಎರಡು ವಾರದಿಂದ ಪ್ರಯೋಗಕ್ಕೆಂದು ಬಳಸುತ್ತಿದ್ದಾರೆ. ಅದನ್ನೇ ಕಾಯಂ ಮಾಡಬಹುದು ಎಂದು ನಾನು ಫೆಬ್ರವರಿ ಹದಿನೈದರ ಒಳಗೆ ಸಹಿ ಹಾಕಬೇಕು.

ಅದಕ್ಕೊಂದು ಪರೀಕ್ಷೆ ಇದೆ. ಕಾಲುವೆಯ ನೀರು ತುಂಬಿದ ಜಾರಿನಲ್ಲಿ ಹತ್ತು ಮೀನು ನಾಲ್ಕು ದಿನ ಇರಬೇಕು. ಫಲಿತಾಂಶ ಅಷ್ಟು ಸ್ಪಷ್ಟವಾಗಿಲ್ಲ. ಮ್ಯಾನೇಜರು ಬಾಗಿಲಿಗೆ ಒರಗಿಕೊಂಡು, "ಜಾರು ಸರಿಯಾಗಿ ತೊಳ್ದಿರ್ಲಿಲ್ಲ ಅನ್ಸತ್ತೆ ಮೇಡಂ. ಅಲ್ಲ, ನಿಮ್ಮ ತಂದೆಯವ್ರ ತೊಟ್ಟಿ ನಮ್ಮಿಂದ ಹದಿನೈದೇ ಕಿಲೋಮೀಟರ್ ಕೆಳಗಿದೆ ತಾನೆ? ಅವ್ರ ಮೀನು ಈಜ್ತಿದ್ರೆ ನಮ್ಮ ಜಾರು ಯಾವ ಮೂಲೆಗೆ? ಅವ್ರನ್ನೇ ಕೇಳಿ" ಎಂದರು. ನನ್ನ ಕೆಲಸ ಕಾಯಂ ಆಗುವ ಕಾಗದವೂ ಅವರ ಮೇಜಿನ ಮೇಲಿದೆ. ಎರಡಕ್ಕೂ ಸಂಬಂಧವಿಲ್ಲ ಎಂದು ಅವರೇ ಎರಡು ಸಲ ಹೇಳಿದರು.

ಆದ್ದರಿಂದ ಕೇಳುತ್ತಿದ್ದೇನೆ. ನಿನ್ನ ಹನ್ನೆರಡು ಮಂದಿ ಹೇಗಿದ್ದಾರೆ?

ನಿನ್ನ ಮಗಳು


ಫೆಬ್ರವರಿ ೫

ಮಗಳೇ,

ನಾವು ಹದಿಮೂರೂ ಜನ ಕ್ಷೇಮ. ನಿನ್ನ ಮ್ಯಾನೇಜರಿಗೆ ಹಾಗೆಯೇ ಓದಿ ಹೇಳು.

ಜನವರಿ ಕೊನೆಯಲ್ಲಿ ನಾಲ್ಕು ದಿನ ಸ್ವಲ್ಪ ಸಪ್ಪಗಿದ್ದವು. ಆ ಹಾಳು ಸಣ್ಣ ಕೊಳವೆ ಮತ್ತೆ ತನ್ನ ಬುದ್ಧಿ ತೋರಿಸಿರಬೇಕು. ಬದಲಾಯಿಸಿ ಎಂದು ಮೂರು ಅರ್ಜಿ ಕೊಟ್ಟಿದ್ದೇನೆ, ಅರ್ಜಿಗಳು ಮಾತ್ರ ಸ್ಥಳ ಬದಲಾಯಿಸುತ್ತಿವೆ. ನಾನೇ ಒಂದು ಉಪಾಯ ಮಾಡಿದೆ, ಈಗ ಎಲ್ಲ ಸರಿಹೋಗಿದೆ. ಏನುಪಾಯ ಎಂದು ಕೇಳಬೇಡ, ಪ್ರತಿ ಇಲಾಖೆಗೂ ಒಂದು ಗುಟ್ಟು ಇರಬೇಕು.

ಅಷ್ಟೇ ಅಲ್ಲ, ಮೀನುಗಳಿಗೆ ಈಗ ನನ್ನ ಮೇಲೆ ಪ್ರೀತಿ ಬಂದಿದೆ. ಮೊದಲು ನೀರಿಗೆ ಕೈ ಹಾಕಿದರೆ ಚದುರಿ ಮೂಲೆ ಸೇರುತ್ತಿದ್ದವು. ಈಗ ಓಡುವುದಿಲ್ಲ. ಮೊಂಡ ಬಂದು ಬೆರಳಿಗೇ ಒರಗುತ್ತಾನೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಇಲಾಖೆಯ ಯಾರೂ ನನ್ನನ್ನು ಇಷ್ಟು ಹಚ್ಚಿಕೊಂಡಿರಲಿಲ್ಲ.

ಕೈಯೊಡ್ಡಿದರೆ ಬೆರಳಿಗೆ ಮುತ್ತು,
ಮೀನಿಗೂ ಸಿಕ್ಕಿತು ನನ್ನ ಗುರುತು.

ಅಪ್ಪ


ಫೆಬ್ರವರಿ ೧೮

ಅಪ್ಪ,

ಸಹಿ ಹಾಕಿದೆ.

ಮ್ಯಾನೇಜರು ನಿನ್ನ ಪತ್ರವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದರು. "ಗುರುತು" ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಪ್ರತಿ ತೆಗೆದು ಫೈಲಿನಲ್ಲೂ ಇಟ್ಟುಕೊಂಡರು. ಕೆಲಸ ಕಾಯಂ ಆಯಿತು. ಕ್ವಾರ್ಟರ್ಸಿನಲ್ಲಿ ಎರಡು ಕೋಣೆಯ ಮನೆ ಕೊಟ್ಟಿದ್ದಾರೆ, ಹಿಂದೆ ಒಂದು ಬಾಗಿಲು, ಮುಂದೆ ಒಂದು ಬಾಗಿಲು, ನಡುವೆ ನಾನು.

ನಿನ್ನನ್ನು ಏನೋ ಕೇಳಬೇಕೆಂದಿದ್ದೆ. ಬರೆಯಲು ಕೂತಾಗ ಮರೆತುಹೋಯಿತು.

ನಿನ್ನ ಮಗಳು


ಏಪ್ರಿಲ್ ೯

ಮಗಳೇ,

ಹತ್ತಿರ ಹತ್ತಿರ ಎರಡು ತಿಂಗಳು ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದಲ್ಲ.

ದೋಣಿಮಾವ ನಿನ್ನೆ ತೊಟ್ಟಿಯ ಕೋಣೆಗೆ ಬಂದಿದ್ದ. ಬಕೆಟ್ಟು ತಂದಿದ್ದ. ಒಳಗೆ ಹೊಳೆಯ ಗೆಂಡೆ ಮೀನುಗಳು, ಎರಡರ ಬೆನ್ನು ಕುಡುಗೋಲಿನಂತೆ ಬಾಗಿತ್ತು. ಒಂದನ್ನು ನನ್ನ ಮೇಜಿನ ಮೇಲೇ ಕೊಯ್ದ. "ಇದು ಗಂಡು. ನಲವತ್ತು ವರ್ಷದಿಂದ ಮೀನು ಕೊಯ್ತಿದೀನಿ, ಗಂಡು ಯಾವ್ದು ಹೆಣ್ಣು ಯಾವ್ದು ಅಂತ ನನಗೆ ಹೇಳ್ಕೊಡ್ಬೇಡ. ನೋಡು, ಇದರ ಹೊಟ್ಟೇಲಿ ಮೊಟ್ಟೆ" ಎಂದ. ನೋಡಿದೆ. ಗಂಡುಬೀಜದ ನಡುವೆ ಸಾಸಿವೆಯಂಥ ಹಳದಿ ಕಾಳುಗಳು.

ಮರಿಗಳೇ ಇಲ್ಲವಂತೆ. ಹೋದ ವರ್ಷದ್ದೇ ದೊಡ್ಡವು, ಈ ವರ್ಷದ್ದು ಒಂದೂ ಇಲ್ಲ. ಕಪ್ಪೆಗಳ ಸದ್ದಿಲ್ಲ. ಅದು ನನಗೆ ಮೊದಲೇ ಕೇಳಿಸುತ್ತಿರಲಿಲ್ಲ, ಅವನು ಹೇಳಬೇಕಾಯಿತು. ಬಕಗಳು ಬೇರೆ ಕಡೆ ಹೋದವು. ಮೆಟ್ಟಿಲ ಕೆಳಗಿದ್ದ ನೀರುನಾಯಿ ಮರಿಗಳ ಸಮೇತ ಸತ್ತು ಬಿದ್ದಿತ್ತಂತೆ.

ಹೋಗುವಾಗ ಅವನು ನನ್ನ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತ. "ಅದೇ ಹೊಳೆ, ಅದೇ ನೀರು. ನನ್ನ ಬಲೇಲಿ ಹೆಣ, ನಿನ್ನ ಗಾಜಲ್ಲಿ ರಾಜ. ಅದು ಹೇಗಪ್ಪಾ?" ಎಂದ. ನಾನು ರಿಜಿಸ್ಟರು ತೆರೆದು ಹನ್ನೆರಡು ಎಂದು ಬರೆದೆ. ನನಗೆ ಕೇಳಿಸಲಿಲ್ಲ ಎಂದು ಅವನು ಅಂದುಕೊಂಡಿರಬೇಕು.

ಈ ಸಲ ಪ್ರಾಸ ಇಲ್ಲ.

ಅಪ್ಪ


ಏಪ್ರಿಲ್ ೧೭

ಅಪ್ಪ,

ಏನುಪಾಯ ಮಾಡಿದೆ?

ಫೆಬ್ರವರಿಯಲ್ಲೇ ಕೇಳಬೇಕಿತ್ತು. ಮರೆತೆ ಎಂದು ಬರೆದೆನಲ್ಲ, ಅದು ಸುಳ್ಳು. ಕೇಳಿದರೆ ನೀನು ಹೇಳಿಬಿಡುತ್ತಿದ್ದೆ, ಅದಕ್ಕೇ ಕೇಳಲಿಲ್ಲ.

ಈಗ ನನ್ನದು ಹೇಳುತ್ತೇನೆ. ಜಾರಿನ ಹತ್ತು ಮೀನುಗಳಲ್ಲಿ ಏಳು ಮೂರನೆಯ ದಿನ ಸತ್ತಿದ್ದವು. "ಸ್ಪಷ್ಟವಾಗಿಲ್ಲ" ಎಂದು ಬರೆದಿದ್ದೆ. ಏಳಕ್ಕಿಂತ ಸ್ಪಷ್ಟವಾದ ಸಂಖ್ಯೆ ಇನ್ನೊಂದಿಲ್ಲ.

ದೋಣಿಮಾವ ಕೊಯ್ದು ತೋರಿಸಿದ್ದು ನನ್ನ ಕಪಾಟಿನ ಪುಸ್ತಕದಲ್ಲಿದೆ. ಆ ತೊಳೆಯುವ ದ್ರವ ನೀರಿನಲ್ಲಿ ಒಡೆದು ಬೇರೊಂದು ವಸ್ತುವಾಗುತ್ತದೆ. ಮೀನಿನ ಮೈ ಅದನ್ನು ಹೆಣ್ಣಿನ ಹಾರ್ಮೋನು ಎಂದೇ ನಂಬಿ ಮೋಸಹೋಗುತ್ತದೆ, ಗಂಡಿನ ಹೊಟ್ಟೆಯಲ್ಲಿ ಮೊಟ್ಟೆ ಕಟ್ಟುತ್ತದೆ. ಮೂಗು ಸಾಯುತ್ತದೆ. ಮೂಗು ಸತ್ತ ಮೀನಿಗೆ ಶತ್ರುವಿನ ವಾಸನೆ ಹತ್ತುವುದಿಲ್ಲ, ಹೆದರಿಕೆ ಹೋಗುತ್ತದೆ, ಮೈ ಮಂಕಾಗುತ್ತದೆ. ಕೈ ಹಾಕಿದರೂ ಓಡುವುದಿಲ್ಲ.

ಅಪ್ಪ, ಮೊಂಡನಿಗೆ ಬಂದದ್ದು ಪ್ರೀತಿಯಲ್ಲ.

ಈ ನೀರು ಕುಡಿದ ಮನುಷ್ಯರಿಗೆ ಏನಾಗುತ್ತದೆ ಎಂದು ಹುಡುಕಿದೆ. ಆ ಪುಟಗಳನ್ನು ಇನ್ನೂ ಯಾರೂ ಬರೆದಿಲ್ಲ.

ಮಗಳು


ಏಪ್ರಿಲ್ ೨೫

ಮಗಳೇ,

ಇದ್ದಿಲು.

ಜನವರಿ ಇಪ್ಪತ್ತಾರರಂದು ಎರಡು ಸತ್ತವು. ಉಳಿದವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮೂರನೆಯದೂ ಹೋಗುತ್ತದೆ ಎಂದು ಹಿಡಿಯ ಹತ್ತಿರ ಹೋದೆ, ಕೈ ಇಟ್ಟೆ. ನೋಟೀಸು ಬೋರ್ಡಿಗೆ ಆ ವಾರವಷ್ಟೇ ನಿನ್ನ ವರದಿ ಬಂದಿತ್ತು, "ಹೊಳೆಗೆ ಹಾನಿಯಿಲ್ಲ". ಹಾಗಾದರೆ ಹೊಳೆಯದಲ್ಲ, ನನ್ನ ಕೊಳವೆಯದೇ ತಪ್ಪು, ಹಿಂದಿನ ಸಲದ ಹಾಗೆ. ಕೊಡಗಳ ಸದ್ದು ನೆನಪಾಯಿತು. ಕೈ ತೆಗೆದೆ.

ಮನೆಯಲ್ಲಿ ನಿನ್ನ ಹಳೆಯ ಬುತ್ತಿಚೀಲ ಇತ್ತು, ನಿನ್ನಮ್ಮ ಹಸಿರು ದಾರದಲ್ಲಿ ಅಂಚು ಹೊಲಿದದ್ದು. ಇದ್ದಿಲು ಕುಟ್ಟಿ ತುಂಬಿ ಕೊಳವೆಯ ಬಾಯಿಗೆ ಕಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಮೀನು ಕೆಳಗಿಳಿದವು. ಸತ್ತ ಎರಡರ ಜಾಗಕ್ಕೆ ದೋಣಿಮಾವನಿಂದ ಎರಡು ತಂದು ಬಿಟ್ಟೆ. ರಿಜಿಸ್ಟರಿನಲ್ಲಿ "ಹನ್ನೆರಡು" ಎಂದು ಬರೆದೆ. ಅಂದಿನಿಂದ ಪ್ರತಿ ಎರಡು ಗಂಟೆಗೂ ಹನ್ನೆರಡು, ಹನ್ನೆರಡು, ಹನ್ನೆರಡು. ಎಷ್ಟು ಚೆನ್ನಾದ ಪ್ರಾಸ.

ವಾರಕ್ಕೊಮ್ಮೆ ಇದ್ದಿಲು ಬದಲಾಯಿಸುತ್ತೇನೆ. ಮೂರು ತಿಂಗಳಿಂದ ನಾನು ಹನ್ನೆರಡು ಮೀನಿಗೆ ಸೋಸಿದ ನೀರು ಕೊಟ್ಟು, ಊರಿಗೆ ಸೋಸದ್ದನ್ನು ಬಿಟ್ಟಿದ್ದೇನೆ.

ನಿನ್ನ ಸಹಿ ನೋಡಿ ನಾನು ಮೀನನ್ನು ನಂಬಲಿಲ್ಲ.

ಈಗೇನು ಮಾಡಲಿ?

ಅಪ್ಪ


ಏಪ್ರಿಲ್ ೨೯

ಅಪ್ಪ,

ನಿನ್ನ ಮೀನು ನೋಡಿ ನಾನು ಜಾರನ್ನು ನಂಬಲಿಲ್ಲ. ನಿನ್ನ ಇದ್ದಿಲು ಸಾಯಿಸುವಷ್ಟನ್ನು ಹಿಡಿಯಿತು, ಮಂಕಾಗಿಸುವಷ್ಟನ್ನು ಒಳಗೆ ಬಿಟ್ಟಿತು.

ಚೀಲ ತೆಗೆ. ಆಮೇಲೆ ಅವನ್ನು ಉಳಿಸಲು ಹೋಗಬೇಡ. ನಿನಗೆ ಇದನ್ನು ಬರೆಯುವುದು ಹೇಗೆ ಎಂದು ಮೂರು ಕಾಗದ ಹರಿದೆ. ಎಣಿಸು, ಬರೆ, ಮೂರಾದಾಗ ಎಳೆ.

ಮಗಳು


ಮೇ ೬

ಮಗಳೇ,

ತೆಗೆದೆ. ಮಂಗಳವಾರ ಬೆಳಿಗ್ಗೆ ಆರಕ್ಕೆ. ರಿಜಿಸ್ಟರಿನಲ್ಲೂ ಬರೆದೆ: "ಮೂರು ತಿಂಗಳಿಂದ ನಾನೇ ಕಟ್ಟಿದ್ದ ಇದ್ದಿಲಿನ ಚೀಲವನ್ನು ಈ ದಿನ ತೆಗೆದಿರುತ್ತೇನೆ." ಬರೆಯದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ದೋಣಿಮಾವ ಬೈದ. ಇರಬಹುದು. ಸುಳ್ಳು ಬರೆದು ಕೈ ಸೋತಿತ್ತು.

ಈಗ ಹೊಳೆಯೂ ಸೊರಗಿದೆ, ಇರುವ ನೀರೆಲ್ಲ ನಿಮ್ಮ ಕಾಲುವೆಯದೇ. ಮಂಗಳವಾರ ರಾತ್ರಿಯ ಪಾಳಿಯವನು ಹನ್ನೆರಡು ಬರೆದ. ಬುಧವಾರ ಎಂಟಕ್ಕೆ ಹನ್ನೆರಡು, ಎಲ್ಲವೂ ಮೇಲೆ. ಹತ್ತಕ್ಕೆ ಹನ್ನೊಂದು, ದುಂಡ ಹೋದ. ಹನ್ನೆರಡು ಗಂಟೆಗೆ ಹನ್ನೊಂದು. ಕೈ ಹಾಕಿದರೆ ಬಂದು ಒರಗಿದವು. ನಾನು ಕೈ ಹಾಕಬಾರದಿತ್ತು. ಎರಡಕ್ಕೆ ಒಂಬತ್ತು. ಪುಂಡ ಮತ್ತು ಹೆಸರಿಡದ ಒಂದು.

ಎಳೆದೆ. ಹಿಡಿ ಗಟ್ಟಿಯಾಗಿತ್ತು, ಎರಡೂ ಕೈ ಬೇಕಾಯಿತು.

ಎಂಜಿನಿಯರು ನಾಲ್ಕು ಗಂಟೆಗೆ ಬಂದರು. ನೀರಿನ ಬಣ್ಣ, ವಾಸನೆ, ಕೆಸರು, ಉಪ್ಪು ಎಲ್ಲ ಪರೀಕ್ಷಿಸಿದರು, ಎಲ್ಲ ಸರಿ. ನಿನ್ನ ಪುಸ್ತಕದಲ್ಲಿರುವುದು ಅವರ ಪಟ್ಟಿಯಲ್ಲಿಲ್ಲ. ಆಮೇಲೆ ರಿಜಿಸ್ಟರು ಓದಿದರು. "ನೀವೇ ತೊಟ್ಟಿ ಕೆಡಿಸಿದೀರಿ, ನೀವೇ ಬರ್ದಿದೀರಿ, ಈಗ ಹೊಳೆ ಕೆಟ್ಟಿದೆ ಅಂತೀರಿ. ಕಾರ್ಖಾನೆ ವರದಿ ಇಲ್ನೋಡಿ, ನಿಮ್ಮ ಮಗಳೇ ಸಹಿ ಹಾಕಿದಾಳೆ. ನಿಮ್ಮನ್ನ ನಂಬ್ಲಾ, ಅವ್ಳನ್ನ ನಂಬ್ಲಾ?" ಎಂದರು.

"ಇಬ್ರನ್ನೂ ನಂಬಬೇಡಿ ಸಾರ್, ಮೀನನ್ನ ನಂಬಿ" ಎಂದೆ. ನಗು ಬಂತು ಅವರಿಗೆ.

ಐದೂವರೆಗೆ ಗೇಟು ತೆರೆದರು. ನನ್ನನ್ನು ಮನೆಯಲ್ಲಿರಲು ಹೇಳಿದ್ದಾರೆ. ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತೆಗೆದುಕೊಂಡು ಹೋದರು. ತೊಟ್ಟಿ ಬರಿದು ಮಾಡಿ ಎಂದಾಗ ಉಳಿದವೂ ಮಗುಚಿದ್ದವು, ಇನ್ನೂ ಉಸಿರಾಡುತ್ತಿದ್ದ ಒಂದನ್ನು ನನ್ನ ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಂದೆ. ಮೊಂಡ. ಹಿತ್ತಿಲ ಬಾವಿಯ ನೀರಿನಲ್ಲಿ, ಬಕೆಟ್ಟಿನಲ್ಲಿದ್ದಾನೆ.

ಈ ಮನೆಯಲ್ಲಿ ಈಗ ನಾವಿಬ್ಬರು. ಕ್ಷೇಮ ಎಂದು ಬರೆಯುವುದಿಲ್ಲ.

ಅಪ್ಪ


ಮೇ ೨೧

ಅಪ್ಪ,

ನಿನ್ನೆ ವಿಚಾರಣೆಗೆ ಕರೆದಿದ್ದರು. ಉದ್ದ ಮೇಜು, ಮೂವರು ಅಧಿಕಾರಿಗಳು, ನಾಲ್ಕು ನೀರಿನ ಬಾಟಲಿ. ಬಾಟಲಿ ನೀರು, ಗಮನಿಸು. ಮೇಜಿನ ನಡುವೆ ನನ್ನ ಬುತ್ತಿಚೀಲ, ಅದಕ್ಕೊಂದು ಚೀಟಿ. ಹಸಿರು ದಾರ ಹಾಗೆಯೇ ಇದೆ. ಇದನ್ನು ಮೊದಲು ನೋಡಿದ್ದೀರಾ ಎಂದು ಕೇಳಿದರು. ಒಂದನೇ ತರಗತಿಯಿಂದ ಐದನೇ ತರಗತಿಯವರೆಗೆ ದಿನವೂ ನೋಡಿದ್ದೇನೆ ಎಂದೆ. ಬರೆದುಕೊಂಡರು.

ಮ್ಯಾನೇಜರು ನಿನ್ನ ಫೆಬ್ರವರಿಯ ಪತ್ರದ ಪ್ರತಿ ಇಟ್ಟರು. "ನಾವು ಹದಿಮೂರೂ ಜನ ಕ್ಷೇಮ." ಕಾರ್ಖಾನೆಯ ಪರವಾಗಿ ಅದೇ ಮುಖ್ಯ ಸಾಕ್ಷಿ. ಜಾರಿನ ಪುಟ ನನ್ನ ಲ್ಯಾಬಿನ ಪುಸ್ತಕದಲ್ಲಿ ಇಲ್ಲ. ಕಿತ್ತವರು ಯಾರು ಎಂದು ಕೇಳುವ ಹಕ್ಕು ನನಗಿಲ್ಲ, ಆ ಪುಟ ಇದ್ದಾಗ ನಾನೇ ಯಾರಿಗೂ ತೋರಿಸಿರಲಿಲ್ಲ.

ನಿನ್ನ ರಿಜಿಸ್ಟರು ನನ್ನ ವರದಿಯನ್ನು ನಿಜ ಮಾಡುತ್ತದೆ, ನನ್ನ ವರದಿ ನಿನ್ನ ರಿಜಿಸ್ಟರನ್ನು. ಎರಡು ಸುಳ್ಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಎರಡನ್ನೂ ಒಟ್ಟಿಗೆ ಬೀಳಿಸುವಂಥದ್ದು ಒಂದೇ ಇದೆ. ನಮ್ಮ ಪತ್ರಗಳು. ನಿನ್ನವು ನನ್ನ ಬಳಿ ಇವೆ, ನನ್ನವು ನಿನ್ನ ಬಳಿ. ಕಳಿಸಿದರೆ ದಿನಾಂಕದ ಪ್ರಕಾರ ಜೋಡಿಸಿ ಆ ಮೇಜಿನ ಮೇಲಿಡುತ್ತೇನೆ. ಏಳು ಸತ್ತದ್ದೂ ಇರುತ್ತದೆ, ಇದ್ದಿಲೂ ಇರುತ್ತದೆ. ನನ್ನ ಕೆಲಸ ಹೋಗುತ್ತದೆ, ಬಹುಶಃ ಕೇಸೂ ಆಗುತ್ತದೆ. ನಿನ್ನ ಮೂವತ್ತು ವರ್ಷ ಒಂದು ಚೀಲದ ಕಥೆಯಾಗಿ ಉಳಿಯುತ್ತದೆ. ಬೀದಿ ನಲ್ಲಿಯ ಹತ್ತಿರ ಈ ಸಲ ಬರೀ ಕೊಡ ತಟ್ಟುವುದಿಲ್ಲ.

ಬೇಡ ಎನಿಸಿದರೆ ಸುಟ್ಟುಬಿಡು. ಯಾಕೆ ಎಂದು ನಾನು ಕೇಳುವುದಿಲ್ಲ. ಕೇಳದೆ ಇರುವುದು ನಮ್ಮಿಬ್ಬರಿಗೂ ಅಭ್ಯಾಸವಾಗಿದೆ.

ಮಗಳು


ಮೇ ೩೦

ಮಗಳೇ,

ಇದರ ಜೊತೆ ನಿನ್ನ ಐದೂ ಪತ್ರಗಳಿವೆ. ಇದೂ ಒಂದು ಸೇರಿಸಿಕೋ, ಕೊನೆಯಲ್ಲಿಡು. ಅಧಿಕಾರಿಗಳು ಓದುತ್ತಾರೆ ಎಂದು ಅಕ್ಷರ ದುಂಡಗೆ ಬರೆಯುತ್ತಿದ್ದೇನೆ. ಪ್ರಾಸಗಳನ್ನು ಹೊಡೆದುಹಾಕಲೇ ಎಂದು ಯೋಚಿಸಿದೆ, ನಾಚಿಕೆಯಾಯಿತು. ಇರಲಿ. ನಾಚಿಕೆಯೂ ಸಾಕ್ಷಿಯೇ.

ದೋಣಿಮಾವ ದೋಣಿಯನ್ನು ದಡಕ್ಕೆಳೆದು ಮಗುಚಿ ಹಾಕಿದ್ದಾನೆ. "ನಿನ್ನ ಹೆಸರೂ ಈ ಪತ್ರಗಳಲ್ಲಿದೆ, ಕೊಡ್ಲಾ?" ಎಂದು ಕೇಳಿದೆ. "ಕೊಡು. ಮೊದ್ಲೇ ಕೊಟ್ಟಿದ್ರೆ ಮೀನೂ ಉಳೀತಿತ್ತು" ಎಂದ. ನನ್ನ ಜೊತೆ ಅವನು ಆಡಿದ ಕೊನೆಯ ಮಾತು ಅದು. ಈಗ ದಾರಿಯಲ್ಲಿ ಸಿಕ್ಕರೆ ಆ ಕಡೆ ಹೊರಳುತ್ತಾನೆ.

ತೊಟ್ಟಿಯ ಕೋಣೆಗೆ ಬೀಗ ಹಾಕಿದ್ದಾರೆ. ಊರು ಕುಡಿಯುತ್ತಿದೆ. ಪಕ್ಕದ ಮನೆಯವರಿಗೆ ಬಾವಿಯ ನೀರು ಸೇದಿಕೊಳ್ಳಿ ಎಂದೆ. "ನಿಮ್ಮ ಬಾವಿಗೂ ಚೀಲ ಕಟ್ಟಿದೀರೇನು?" ಎಂದರು.

ಅಧಿಕಾರಿಗಳಿಗೆ ಇನ್ನೊಂದು ವಿಷಯ ತಿಳಿಸಬೇಕು. ಇದನ್ನು ನಾನು ರಿಜಿಸ್ಟರಿನ ಹಾಗೆ ದಿನವೂ ಬರೆದಿಟ್ಟಿದ್ದೇನೆ. ಮೇ ಆರರಿಂದ ಬಾವಿಯ ನೀರಿನಲ್ಲಿ ಒಂದು ಮೀನು ಇದೆ. ಬೆನ್ನು ಸ್ವಲ್ಪ ಬಾಗಿದೆ. ದಿನಕ್ಕೊಮ್ಮೆ ನೀರು ಬದಲಾಯಿಸಿ ಕೈ ಹಾಕುತ್ತೇನೆ. ಮೊದಲ ವಾರ ಬಂದು ಬೆರಳಿಗೆ ಒರಗಿತು. ಎರಡನೆಯ ವಾರವೂ ಒರಗಿತು. ಹದಿನೇಳನೆಯ ದಿನ ಇದ್ದಲ್ಲೇ ನಿಂತಿತು. ಇಷ್ಟು ದೊಡ್ಡ ಹೊಳೆಗೆ ಅಷ್ಟು ದೊಡ್ಡ ಬಾವಿ ಎಲ್ಲಿಂದ ತರುವುದು ಎಂದು ನಾನು ಬಕೆಟ್ಟಿನ ಪಕ್ಕ ಕೂತು ಯೋಚಿಸುತ್ತಿರುತ್ತೇನೆ.

ಇವತ್ತು ಬೆಳಿಗ್ಗೆ ಕೈ ಹಾಕಿದೆ.

ಓಡಿತು. ನೀರು ಚಿಮ್ಮಿ ನನ್ನ ಅಂಗಿ ಒದ್ದೆಯಾಯಿತು. ಬಕೆಟ್ಟಿನ ಆ ತುದಿಗೆ ಅಂಟಿಕೊಂಡು, ನನ್ನ ಕೈಯನ್ನು ಕಂಡು ನಡುಗುತ್ತಿತ್ತು. ಮತ್ತೆ ಹಾಕಿದೆ, ಮತ್ತೆ ಓಡಿತು.

ಬರೆದುಕೊಳ್ಳಿ: ಒಂದು.

ಅಪ್ಪ